ಏಳು ಸೆಂಟಿಮೀಟರ್ ಫೈಬರ್, ಇಪ್ಪತ್ತು ಮೈಕ್ರೋಲೀಟರ್ ಆಮ್ಲ: ಪೊರೆಯ ಮೂಲಕ ಔಷಧವನ್ನು ಬೇರ್ಪಡಿಸುವ ಬಗೆ

ನನ್ನ ಮೇಜಿಗೆ ಬರುವ ಸ್ಯಾಂಪಲ್‌ಗಳಲ್ಲಿ ಜಾಸ್ತಿ ಇರುವುದು ಕೊಳಚೆ ನೀರು. ಸಂಸ್ಕರಣಾ ಘಟಕದ ಒಳಗೆ ಹೋಗುವ ನೀರು, ಹೊರಗೆ ಬರುವ ನೀರು, ಎರಡೂ. ಖಿನ್ನತೆಗೆ ಕೊಡುವ ಔಷಧಗಳು ಅದರಲ್ಲಿ ಎಷ್ಟು ಉಳಿದಿವೆ ಅಂತ ಅಳೆಯುವುದು ನನ್ನ ಕೆಲಸ. ಲೀಟರಿಗೆ ಕೆಲವು ನ್ಯಾನೋಗ್ರಾಂಗಳ ಲೆಕ್ಕ ಅದು. ನೀರನ್ನು ನೇರವಾಗಿ ಯಂತ್ರಕ್ಕೆ ಕೊಟ್ಟರೆ ಔಷಧ ಕಾಣುವುದಿಲ್ಲ. ಸೋಪು, ಉಪ್ಪು, ಕೊಳೆತ ಗಿಡಮರಗಳಿಂದ ಬರುವ ಹ್ಯೂಮಿಕ್ ಆಮ್ಲ, ಕೊಬ್ಬು ಇವೆಲ್ಲ ಅದನ್ನು ಮುಚ್ಚಿಬಿಡುತ್ತವೆ. ಹಾಗಾಗಿ ಮೊದಲು ಔಷಧವನ್ನಷ್ಟೇ ಹೊರಗೆ ತೆಗೆದು, ಚಿಕ್ಕದೊಂದು ಹನಿ ಶುದ್ಧ ನೀರಿಗೆ ಸೇರಿಸಬೇಕು.

ಇದಕ್ಕೆ ನಾನು ನೆಚ್ಚಿಕೊಂಡಿರುವುದು ಟೊಳ್ಳು ಫೈಬರ್ ವಿಧಾನವನ್ನು. ಓಸ್ಲೋ ವಿಶ್ವವಿದ್ಯಾಲಯದ ಸ್ಟಿಗ್ ಪೆಡರ್ಸನ್-ಬ್ಯೆರ್ಗಾರ್ಡ್ ಮತ್ತು ಕ್ನೂಟ್ ಐನಾರ್ ರಾಸ್ಮುಸೆನ್ 1999ರಲ್ಲಿ ಇದನ್ನು ಪ್ರಕಟಿಸಿದರು. ಅದಕ್ಕೂ ಮೊದಲು, 1986ರಲ್ಲಿ, ಸ್ವೀಡನ್ನಿನ ಲುಂಡ್‌ನಲ್ಲಿ ಗುಡ್ಯೋನ್ ಔದುನ್ಸನ್ ಚಪ್ಪಟೆ ಪೊರೆಯಲ್ಲಿ ದ್ರಾವಕ ತುಂಬಿಸಿ ಇದೇ ತತ್ವವನ್ನು ತೋರಿಸಿದ್ದರು. ಇನ್ನೂ ಹಿಂದೆ ಹೋದರೆ ಥಾಮಸ್ ಗ್ರಹಾಂ 1861ರಲ್ಲಿ ಮಾಡಿದ ಡಯಾಲಿಸಿಸ್ ಪ್ರಯೋಗಗಳು ಸಿಗುತ್ತವೆ. ಡಯಾಲಿಸಿಸ್‌ನಲ್ಲಿ ಪೊರೆ ನೋಡುವುದು ಕಣದ ಗಾತ್ರವನ್ನು. ನಾನು ಹೇಳಹೊರಟಿರುವ ಪೊರೆ ಗಾತ್ರದ ಗೋಜಿಗೆ ಹೋಗುವುದಿಲ್ಲ, ಕಣಕ್ಕೆ ವಿದ್ಯುತ್ ಚಾರ್ಜ್ ಇದೆಯೋ ಇಲ್ಲವೋ ಅಂತ ನೋಡುತ್ತದೆ. ಈ ವ್ಯತ್ಯಾಸ ಮನಸ್ಸಿಗೆ ಬಂದರೆ ಅರ್ಧ ಕೆಲಸ ಆದ ಹಾಗೆ.

ಒಳಗೆ ಏನು ನಡೆಯುತ್ತದೆ

ಪಾಲಿಪ್ರೊಪಿಲೀನ್‌ನ ತೆಳ್ಳಗಿನ ಕೊಳವೆ ಇದು. ನಾನು ಬಳಸುವುದರ ಒಳವ್ಯಾಸ 600 ಮೈಕ್ರೋಮೀಟರ್, ಗೋಡೆಯ ದಪ್ಪ 200 ಮೈಕ್ರೋಮೀಟರ್, ಗೋಡೆಯಲ್ಲಿನ ರಂಧ್ರಗಳು ಸುಮಾರು 0.2 ಮೈಕ್ರೋಮೀಟರ್. ಗೋಡೆಯ ರಂಧ್ರಗಳಿಗೆ ನೀರಿನಲ್ಲಿ ಬೆರೆಯದ ದ್ರಾವಕ ತುಂಬುತ್ತೇವೆ. ಕೊಳವೆಯ ಒಳಗೆ ಆಮ್ಲ ಬೆರೆಸಿದ ನೀರು. ಹೊರಗೆ ಕ್ಷಾರ ಮಾಡಿದ ಸ್ಯಾಂಪಲ್. ಲ್ಯಾಬಿನಲ್ಲಿ ಹೊರಗಿನದನ್ನು ಡೋನರ್, ಒಳಗಿನದನ್ನು ಆಕ್ಸೆಪ್ಟರ್ ಅನ್ನುತ್ತಾರೆ. ಇಲ್ಲಿ ಸುಲಭವಾಗಲಿ ಅಂತ ಹೊರನೀರು, ಒಳನೀರು ಅಂತಲೇ ಕರೆಯುತ್ತೇನೆ.

ಉದಾಹರಣೆಗೆ ಖಿನ್ನತೆಗೆ ಕೊಡುವ ಅಮಿಟ್ರಿಪ್ಟಿಲಿನ್ ತೆಗೆದುಕೊಳ್ಳಿ. ಅದೊಂದು ಕ್ಷಾರ, ಪಿಕೆಎ 9.4. ಪಿಕೆಎ ಅಂದರೆ ಅರ್ಧದಷ್ಟು ಕಣಗಳು ಚಾರ್ಜ್ ಹೊತ್ತಿರುವ ಪಿಎಚ್. ಹೊರನೀರಿನ ಪಿಎಚ್ 12.4 ಇದ್ದರೆ ಸಾವಿರಕ್ಕೆ ಒಂದು ಕಣ ಮಾತ್ರ ಚಾರ್ಜ್ ಹೊತ್ತಿರುತ್ತದೆ, ಉಳಿದವಕ್ಕೆ ಚಾರ್ಜ್ ಇರುವುದಿಲ್ಲ. ಚಾರ್ಜ್ ಇಲ್ಲದ ಕಣ ದ್ರಾವಕಕ್ಕೆ ನುಗ್ಗುತ್ತದೆ, ಗೋಡೆ ದಾಟಿ ಒಳನೀರಿಗೆ ಬರುತ್ತದೆ. ಅಲ್ಲಿ ಪಿಎಚ್ 2. ತಕ್ಷಣ ಪ್ರೋಟಾನ್ ಹಿಡಿದು ಚಾರ್ಜ್ ಹೊರುತ್ತದೆ. ಚಾರ್ಜ್ ಬಂದ ಮೇಲೆ ಅದಕ್ಕೆ ದ್ರಾವಕದೊಳಗೆ ಮತ್ತೆ ಜಾಗವಿಲ್ಲ. ಹಿಂದೆ ಹೋಗುವ ದಾರಿ ಮುಚ್ಚಿತು.

ಎಷ್ಟರಮಟ್ಟಿಗೆ ಮುಚ್ಚಿತು ಅಂತ ಲೆಕ್ಕ ಹಾಕಿ ನೋಡಿ. ಪಿಎಚ್ 2ರಲ್ಲಿ ಚಾರ್ಜ್ ಇಲ್ಲದ ಒಂದು ಕಣಕ್ಕೆ ಚಾರ್ಜ್ ಇರುವ ಕಣಗಳು ಹತ್ತರ 7.4ನೇ ಘಾತದಷ್ಟು, ಅಂದರೆ ಸುಮಾರು ಎರಡೂವರೆ ಕೋಟಿ. ಗೋಡೆಯ ಎರಡೂ ಕಡೆ ಸಮವಾಗಲು ಹೊರಡುವುದು ಚಾರ್ಜ್ ಇಲ್ಲದ ಕಣಗಳು ಮಾತ್ರ. ಅವು ಸಮವಾಗುವ ಹೊತ್ತಿಗೆ ಒಳಗೆ ಎಷ್ಟು ಔಷಧ ಸೇರಿಕೊಂಡಿರಬಹುದು ಅಂತ ನೀವೇ ಊಹಿಸಿ. ಹತ್ತು ಮಿಲಿಲೀಟರಿನಲ್ಲಿ ಹರಡಿದ್ದ ಔಷಧ ಇಪ್ಪತ್ತು ಮೈಕ್ರೋಲೀಟರಿಗೆ ಬಂದು ತುಂಬಿಕೊಳ್ಳುವುದು ಇದರಿಂದಲೇ. ಉಪ್ಪು, ಹ್ಯೂಮಿಕ್ ಆಮ್ಲ ಮೊದಲಾದವು ಪಿಎಚ್ 12ರಲ್ಲಿ ಚಾರ್ಜ್ ಹೊತ್ತಿರುತ್ತವೆ. ಅವು ಬಾಗಿಲಲ್ಲೇ ನಿಲ್ಲುತ್ತವೆ. ಚಾರ್ಜ್ ಇಲ್ಲದ ಕೊಬ್ಬಿನಂಥವು ದ್ರಾವಕಕ್ಕೆ ಬಂದರೂ ನೀರಿಗೆ ಇಳಿಯಲು ಒಪ್ಪದೆ ಗೋಡೆಯಲ್ಲೇ ಉಳಿಯುತ್ತವೆ. ಒಂದೇ ಗೋಡೆಯಲ್ಲಿ ಎರಡು ಸಲ ಶುದ್ಧಿ. ಮೊದಲ ಸಲ ಕ್ರೊಮ್ಯಾಟೊಗ್ರಾಮ್, ಅಂದರೆ ಯಂತ್ರ ಬರೆಯುವ ಗ್ರಾಫ್, ನೋಡಿದಾಗ ಅದರ ತಳದ ಗೆರೆ (ಬೇಸ್‌ಲೈನ್) ಎಷ್ಟು ಸಪಾಟಾಗಿತ್ತೆಂದರೆ, ಬೇರೆ ಸ್ಯಾಂಪಲ್ ಹಾಕಿಬಿಟ್ಟೆನೇನೋ ಅಂತ ಎದ್ದು ಹೋಗಿ ವೈಲ್ (ಸ್ಯಾಂಪಲ್ಲಿನ ಪುಟ್ಟ ಬಾಟಲಿ) ನೋಡಿ ಬಂದಿದ್ದೆ.

ನಿಮ್ಮ ಔಷಧಕ್ಕೆ ಈ ವಿಧಾನ ಹೊಂದುತ್ತದೆಯೇ ಅಂತ ತಿಳಿಯಲು ಎರಡು ಸಂಖ್ಯೆ ಬೇಕು, ಪಿಕೆಎ ಮತ್ತು ಲಾಗ್ ಪಿ. ಔಷಧ ನೀರಿಗಿಂತ ಎಣ್ಣೆಯಂಥ ದ್ರಾವಕವನ್ನು ಎಷ್ಟು ಮೆಚ್ಚುತ್ತದೆ ಅನ್ನುವುದರ ಅಳತೆ ಲಾಗ್ ಪಿ. ಕ್ಷಾರವಾದರೆ ಹೊರನೀರಿನ ಪಿಎಚ್ ಪಿಕೆಎಗಿಂತ ಎರಡು-ಮೂರು ಹೆಚ್ಚು ಇರಲಿ, ಒಳನೀರಿನದು ಪಿಕೆಎಗಿಂತ ಕನಿಷ್ಠ ಮೂರು ಕಡಿಮೆ ಇರಲಿ. ಆಮ್ಲವಾದರೆ ಇದರ ತಿರುಗುಮುರುಗು. ಲಾಗ್ ಪಿ ತೀರಾ ಕಡಿಮೆ ಇದ್ದರೆ ಔಷಧ ದ್ರಾವಕದ ಹತ್ತಿರವೂ ಸುಳಿಯುವುದಿಲ್ಲ. ಚಾರ್ಜ್ ಆಗದೇ ಇರುವ ವಸ್ತುವಾದರೆ ಒಳಗೂ ನೀರಿನ ಬದಲು ದ್ರಾವಕವನ್ನೇ ತುಂಬಬೇಕು. ಅದು ನೀರು-ದ್ರಾವಕ ಎರಡೇ ಇರುವ (ಟೂ-ಫೇಸ್) ವಿಧಾನ, ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಇರುವವರಿಗೆ ಅನುಕೂಲ. ನನ್ನದು ದ್ರವ ಕ್ರೊಮ್ಯಾಟೊಗ್ರಾಫ್ ಮತ್ತು ಮಾಸ್ ಸ್ಪೆಕ್ಟ್ರೋಮೀಟರ್; ಮೊದಲನೆಯದು ವಸ್ತುಗಳನ್ನು ಬಿಡಿಸುತ್ತದೆ, ಎರಡನೆಯದು ಕಣದ ತೂಕದಿಂದ ಅವನ್ನು ಗುರುತಿಸುತ್ತದೆ. ಒಳಗೆ ನೀರಿದ್ದರೆ ನನಗೆ ಸಲೀಸು.

ಫೈಬರ್ ಕತ್ತರಿಸುವ ಮುನ್ನ

600 ಮೈಕ್ರೋಮೀಟರ್ ಒಳವ್ಯಾಸದ ಕೊಳವೆ ಒಂದು ಸೆಂಟಿಮೀಟರಿಗೆ 2.83 ಮೈಕ್ರೋಲೀಟರ್ ಹಿಡಿಯುತ್ತದೆ. 20 ಮೈಕ್ರೋಲೀಟರ್ ಬೇಕಾದರೆ ಏಳು ಸೆಂಟಿಮೀಟರ್. ಹಿಡಿಯಲು ಎರಡೂ ತುದಿಯಲ್ಲಿ ಒಂದೂವರೆ ಸೆಂಟಿಮೀಟರ್ ಸೇರಿಸಿ, ಹತ್ತು ಸೆಂಟಿಮೀಟರಿನ ತುಂಡುಗಳನ್ನು ಕತ್ತರಿಸಿಕೊಳ್ಳುತ್ತೇನೆ. ಹೊಸ ಬ್ಲೇಡಿನಿಂದ, ಗಾಜಿನ ಮೇಲಿಟ್ಟು, ನೇರವಾಗಿ ಕತ್ತರಿಸಬೇಕು. ಕತ್ತರಿ ಬಳಸಿದರೆ ತುದಿ ಚಪ್ಪಟೆಯಾಗಿ ಆಮೇಲೆ ಸೂಜಿ ಹೋಗುವುದಿಲ್ಲ.

ತುಂಡುಗಳನ್ನು ಅಸಿಟೋನ್‌ನಲ್ಲಿ ಹಾಕಿ ಐದು ನಿಮಿಷ ಅಲ್ಟ್ರಾಸೋನಿಕ್ ಸ್ನಾನ ಮಾಡಿಸಿ. ಆಮೇಲೆ ಚಿಮುಟದಿಂದ ತೆಗೆದು ಧೂಳು ಬೀಳದ ಕಡೆ ಒಣಗಲು ಬಿಡಿ. ಇಲ್ಲಿಂದ ಮುಂದೆ ಫೈಬರನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಎಣ್ಣೆ ಆ ರಂಧ್ರಗಳಿಗೆ ಸೇರಿದರೆ ಮತ್ತೆ ಬಿಡಿಸಲು ಆಗದು. ಗ್ಲೌಸ್ ಹಾಕಿದ ಕೈಯಲ್ಲೂ ತುದಿಯನ್ನು ಮಾತ್ರ ಹಿಡಿಯುತ್ತೇನೆ.

ಬೇಕಾಗುವ ಉಳಿದ ಸಾಮಾನು ಹೆಚ್ಚೇನಿಲ್ಲ. ಮೊಂಡು ತುದಿಯ ಸೂಜಿಯಿರುವ 50 ಮೈಕ್ರೋಲೀಟರ್ ಸಿರಿಂಜ್ ಒಂದು. ಸೂಜಿಯ ಹೊರವ್ಯಾಸ ಅರ್ಧ ಮಿಲಿಮೀಟರಿನ ಒಳಗಿರಲಿ, ಚೂಪು ಸೂಜಿ ಗೋಡೆಯನ್ನು ಚುಚ್ಚಿಬಿಡುತ್ತದೆ. 15 ಮಿಲಿಲೀಟರಿನ ಉದ್ದನೆಯ ಗಾಜಿನ ಟ್ಯೂಬ್, ಮುಚ್ಚಳದಲ್ಲಿ ಒಂದು ಸೆಂಟಿಮೀಟರ್ ಅಂತರದ ಎರಡು ಸಣ್ಣ ತೂತು. ಅಲುಗಾಡಿಸುವ ಯಂತ್ರ ಅಥವಾ ಮ್ಯಾಗ್ನೆಟಿಕ್ ಸ್ಟಿರರ್. ಪಿಎಚ್ ಕಾಗದ. ಈ ಕೊನೆಯದನ್ನು ಮರೆಯಬೇಡಿ, ಯಾಕೆ ಅಂತ ಮುಂದೆ ಹೇಳುತ್ತೇನೆ.

ದ್ರಾವಕದ ವಿಷಯ. ಡೈಹೆಕ್ಸೈಲ್ ಈಥರ್ ನನ್ನ ಮೊದಲ ಆಯ್ಕೆ. ನೀರಿನಲ್ಲಿ ಹೆಚ್ಚೂಕಡಿಮೆ ಕರಗದು, ಬೇಗ ಆವಿಯಾಗದು, ಪಾಲಿಪ್ರೊಪಿಲೀನ್ ಅದನ್ನು ಕೂಡಲೇ ಹೀರುತ್ತದೆ. ಸ್ವಲ್ಪ ಹೆಚ್ಚು ನೀರು ಮೆಚ್ಚುವ ಔಷಧವಾದರೆ 1-ಆಕ್ಟನಾಲ್ ಚೆನ್ನ, ಆದರೆ ಅದು ಗಟ್ಟಿ ದ್ರವ, ದಾಟುವಿಕೆ ನಿಧಾನ. ಹೆಕ್ಸೇನ್ ಮಾತ್ರ ಬೇಡ. ನೀವು ಫೈಬರ್ ಎತ್ತಿ ಟ್ಯೂಬಿಗೆ ಇಳಿಸುವಷ್ಟರಲ್ಲಿ ಅದು ಹಾರಿಹೋಗಿರುತ್ತದೆ, ಗೋಡೆಯಲ್ಲಿ ಒಣ ತೇಪೆಗಳು ಉಳಿಯುತ್ತವೆ. ಇನ್ನೊಂದು ಮುಖ್ಯ ವಿಷಯ: ಈಥರ್ ಬಾಟಲಿ ಹಳೆಯದಾದಂತೆ ಅದರಲ್ಲಿ ಪೆರಾಕ್ಸೈಡ್ ಕಟ್ಟುತ್ತದೆ. ತೆರೆದ ದಿನಾಂಕವನ್ನು ಬಾಟಲಿಯ ಮೇಲೆ ಬರೆಯಿರಿ, ಕತ್ತಲಲ್ಲಿ ಇಡಿ, ಆಗಾಗ ಪೆರಾಕ್ಸೈಡ್ ಪಟ್ಟಿಯಿಂದ ಪರೀಕ್ಷಿಸಿ. ಅದು ನಿಮ್ಮ ಸುರಕ್ಷತೆಗೂ ಬೇಕು, ಔಷಧ ಆಕ್ಸಿಡೈಸ್ ಆಗದಿರಲಿಕ್ಕೂ ಬೇಕು.

ಕೈಕೆಲಸ

ಒಣಗಿದ ಫೈಬರ್ ಸುಣ್ಣದ ಕಡ್ಡಿಯಂತೆ ಬಿಳಿಯಾಗಿರುತ್ತದೆ. ಅದರ ನಡುಭಾಗವನ್ನು ಯು ಆಕಾರಕ್ಕೆ ಬಾಗಿಸಿ ದ್ರಾವಕದಲ್ಲಿ ಅದ್ದಿ. ಕಣ್ಣೆದುರೇ ಬಿಳಿ ಬಣ್ಣ ಹೋಗಿ ಅದು ಮಂಜುಗಾಜಿನ ಹಾಗೆ ಅರೆಪಾರದರ್ಶಕವಾಗುತ್ತದೆ. ರಂಧ್ರಗಳಲ್ಲಿದ್ದ ಗಾಳಿ ಹೋಗಿ ದ್ರಾವಕ ತುಂಬಿತು ಅನ್ನುವುದಕ್ಕೆ ಇದೇ ಗುರುತು. ಹತ್ತು ಸೆಕೆಂಡ್ ಸಾಕು. ಎಲ್ಲಾದರೂ ಬಿಳಿ ಚುಕ್ಕೆ ಉಳಿದಿದ್ದರೆ ಆ ತುಂಡನ್ನು ಬಿಟ್ಟುಬಿಡಿ. ಅಲ್ಲಿ ಎಣ್ಣೆಯೋ ಧೂಳೋ ಕೂತಿದೆ ಅಂತ ಅರ್ಥ. ಏಳು ಸೆಂಟಿಮೀಟರ್ ಗೋಡೆ ಕುಡಿಯುವುದು ಸುಮಾರು 25 ಮೈಕ್ರೋಲೀಟರ್ ದ್ರಾವಕ, ಒಂದು ಚಿಕ್ಕ ಹನಿ. ಬೇರ್ಪಡಿಸುವ ಲಾಳಿಕೆಯಲ್ಲಿ ನೂರಾರು ಮಿಲಿಲೀಟರ್ ಕ್ಲೋರೋಫಾರ್ಮ್ ಅಲುಗಿಸಿದವರಿಗೆ ಈ ಒಂದು ಹನಿಯ ಬೆಲೆ ಗೊತ್ತಾಗುತ್ತದೆ.

ಅದ್ದಿ ತೆಗೆದ ಮೇಲೆ ಕೊಳವೆಯ ಒಳಗೂ ದ್ರಾವಕ ನಿಂತಿರುತ್ತದೆ. ಖಾಲಿ ಸಿರಿಂಜಿನಿಂದ ಗಾಳಿ ಊದಿ ಅದನ್ನು ಹೊರಹಾಕಿ. ಈ ಹೆಜ್ಜೆ ಬಿಟ್ಟರೆ ಒಳನೀರಿನ ನಡುವೆ ದ್ರಾವಕದ ಗುಂಡು ಕೂತು, ಕೊನೆಗೆ ವೈಲಿನಲ್ಲಿ ಮೇಲೆ ತೇಲುತ್ತದೆ, ಯಂತ್ರದ ಸೂಜಿ ಅದನ್ನೇ ಹೀರಿದರೂ ಹೀರಿತು. ಹೊರಗೆ ಅಂಟಿದ ದ್ರಾವಕ ಹೋಗಲು ಶುದ್ಧ ನೀರಿನಲ್ಲಿ ಒಮ್ಮೆ ಅದ್ದಿ ಅಲುಗಿಸಿದರಾಯಿತು.

ಈಗ ತುಂಬಿಸುವುದು. ಸಿರಿಂಜಿಗೆ ಒಳನೀರನ್ನು 25 ಮೈಕ್ರೋಲೀಟರ್ ಎಳೆದುಕೊಳ್ಳಿ. ಸೂಜಿಯಲ್ಲಿ ಗಾಳಿ ಇರಬಾರದು. ಸೂಜಿಯನ್ನು ಒಂದು ತುದಿಯಿಂದ ಅರ್ಧ ಸೆಂಟಿಮೀಟರ್ ಒಳಗೆ ತೂರಿಸಿ, ತುಂಬಾ ನಿಧಾನವಾಗಿ ಒತ್ತಿ. ಹಿಂದೆ ಕಪ್ಪು ಕಾಗದ ಇಟ್ಟುಕೊಂಡರೆ ನೀರು ಮುಂದೆ ಸಾಗುವುದು ಕಾಣುತ್ತದೆ. ಗುಳ್ಳೆ ಇದ್ದರೆ ಅದು ಬೆಳ್ಳಿಯ ಚೂರಿನಂತೆ ಹೊಳೆಯುತ್ತದೆ. ಒಂದೇ ಒಂದು ಗುಳ್ಳೆ ಇದ್ದರೂ ಎಲ್ಲವನ್ನೂ ಹೊರಹಾಕಿ ಮತ್ತೆ ತುಂಬಿಸಿ. ಸಣ್ಣದಲ್ವಾ, ಇರಲಿ ಬಿಡು ಅನ್ನಿಸುತ್ತದೆ, ಆದರೆ ಎರಡು ಮಿಲಿಮೀಟರ್ ಗುಳ್ಳೆ ಅಂದರೆ ಒಳನೀರಿನಲ್ಲಿ ಸುಮಾರು ಶೇಕಡ 3 ಕಡಿಮೆ. ಮೇಲಾಗಿ ಅದು ನೀರನ್ನು ಎರಡು ತುಂಡು ಮಾಡುತ್ತದೆ, ಕೊನೆಗೆ ಒಂದು ತುಂಡು ಒಳಗೇ ಉಳಿದುಬಿಡುತ್ತದೆ.

ತುಂಬಿದ ಯು ಅನ್ನು ಟ್ಯೂಬಿನಲ್ಲಿರುವ 10 ಮಿಲಿಲೀಟರ್ ಸ್ಯಾಂಪಲ್ಲಿಗೆ ಇಳಿಸಿ, ಎರಡೂ ತುದಿಗಳನ್ನು ಮುಚ್ಚಳದ ತೂತುಗಳಿಂದ ಹೊರಗೆ ಎಳೆದುಕೊಳ್ಳಿ. ಒಳನೀರು ಇರುವ ಭಾಗವಷ್ಟೂ ಸ್ಯಾಂಪಲ್ಲಿನ ಮಟ್ಟದ ಕೆಳಗಿರಬೇಕು, ತುದಿಗಳು ಮಾತ್ರ ಮೇಲೆ. ಫೈಬರ್ ಗಾಜಿನ ಗೋಡೆಗೆ ಅಂಟಿಕೊಂಡಿರಬಾರದು, ಅಂಟಿದ ಕಡೆ ದಾಟುವಿಕೆ ನಿಂತಂತೆಯೇ. ಆಮೇಲೆ ಅಲುಗಾಟ ಶುರು ಮಾಡಿ. ಅಲುಗಾಟ ಜೋರಿದ್ದಷ್ಟೂ ಒಳ್ಳೆಯದು, ಗುಳ್ಳೆ ಎದ್ದು ಫೈಬರಿಗೆ ಅಂಟುವ ಹಂತಕ್ಕೆ ಮಾತ್ರ ಹೋಗಬೇಡಿ. ಫೈಬರಿನ ಸುತ್ತ ನಿಂತ ನೀರಿನ ತೆಳು ಪದರವೇ ಔಷಧವನ್ನು ನಿಧಾನ ಮಾಡುವುದು, ಅದನ್ನು ಒಡೆಯಬೇಕು.

ಸಮಯ ಮುಗಿದ ಮೇಲೆ ತುದಿಗೆ ಸೂಜಿ ಇಟ್ಟು ಗಾಳಿ ಒತ್ತಿ, ಇನ್ನೊಂದು ತುದಿಯಿಂದ ಒಳನೀರನ್ನು 200 ಮೈಕ್ರೋಲೀಟರಿನ ಗಾಜಿನ ಇನ್‌ಸರ್ಟಿಗೆ (ವೈಲಿನೊಳಗೆ ಕೂರುವ ಪುಟ್ಟ ಕೊಳವೆ) ಬೀಳಿಸಿ. ಇನ್‌ಸರ್ಟನ್ನು ಮೊದಲೇ ತೂಗಿಟ್ಟಿರಿ, ಈಗ ಮತ್ತೆ ತೂಗಿ. 20 ಮೈಕ್ರೋಲೀಟರ್ ಅಂದರೆ ಸುಮಾರು 20 ಮಿಲಿಗ್ರಾಂ. ನನಗೆ ಸಾಮಾನ್ಯವಾಗಿ 18ರಿಂದ 20 ಸಿಗುತ್ತದೆ. 16ಕ್ಕಿಂತ ಕಡಿಮೆ ಬಂದರೆ ಆ ಫಲಿತಾಂಶವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಲ್ಲೋ ಸೋರಿದೆ. ಬಳಸಿದ ಫೈಬರ್ ಕಸಕ್ಕೆ. ತೊಳೆದು ಮತ್ತೆ ಬಳಸುವ ಆಸೆ ಬೇಡ, ಹಿಂದಿನ ಸ್ಯಾಂಪಲ್ಲಿನ ಔಷಧ ಗೋಡೆಯಲ್ಲಿ ಉಳಿದೇ ಇರುತ್ತದೆ.

ಪಿಎಚ್ ಕಾಗದ ಕಲಿಸಿದ್ದು

ಶುದ್ಧ ನೀರಿಗೆ ಔಷಧ ಬೆರೆಸಿ ಅಭ್ಯಾಸ ಮಾಡಿದಾಗ ಎಲ್ಲ ಚೆನ್ನಾಗಿಯೇ ನಡೆಯಿತು. ಹೊರಗೆ ಸೋಡಿಯಂ ಹೈಡ್ರಾಕ್ಸೈಡ್, ಒಳಗೆ 10 ಮಿಲಿಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ. ಔಷಧದಲ್ಲಿ ಶೇಕಡ 60 ಒಳಗೆ ಬಂತು. ಹತ್ತು ಮಿಲಿಲೀಟರಿಗೆ ಇಪ್ಪತ್ತು ಮೈಕ್ರೋಲೀಟರ್ ಅಂದರೆ 500 ಪಟ್ಟು, ಅದರಲ್ಲಿ ಶೇಕಡ 60 ಅಂದರೆ 300 ಪಟ್ಟು ಸಾಂದ್ರತೆ ಏರಿದ ಹಾಗೆ. ಖುಷಿಯಾಗಿ ನಿಜವಾದ ಕೊಳಚೆ ನೀರಿಗೆ ಕೈ ಹಾಕಿದೆ. ಹೈಡ್ರಾಕ್ಸೈಡ್ ಹಾಕಿದ ತಕ್ಷಣ ಟ್ಯೂಬಿನಲ್ಲಿ ಹಾಲೊಡೆದ ಹಾಗೆ ಬಿಳಿ ಕಣಗಳು. ನೀರಿನ ಗಡಸುತನದ ಕ್ಯಾಲ್ಸಿಯಂ, ಮೆಗ್ನೀಸಿಯಂ ಅದು. ಕಣಗಳು ಫೈಬರಿಗೂ ಮೆತ್ತಿಕೊಂಡವು.

ಪಿಎಚ್ ಸ್ವಲ್ಪ ಇಳಿಸಿದರೆ ಮೆಗ್ನೀಸಿಯಂ ಕೆಳಗೆ ಕೂರುವುದಿಲ್ಲ ಅಂತ ಯೋಚಿಸಿ ಅಮೋನಿಯ ಬಫರಿಗೆ (ಪಿಎಚ್ ಅಲುಗದಂತೆ ಹಿಡಿದಿಡುವ ದ್ರಾವಣ) ಹೋದೆ, ಪಿಎಚ್ 10.4. ಪಿಕೆಎಗಿಂತ ಒಂದು ಜಾಸ್ತಿ, ಅಂದರೆ ಶೇಕಡ 90ಕ್ಕೂ ಹೆಚ್ಚು ಔಷಧಕ್ಕೆ ಚಾರ್ಜ್ ಇಲ್ಲ, ಸಾಕಲ್ವಾ? ಬಿಳಿ ಕಣ ನಿಂತಿತು. ಆದರೆ ಒಳಗೆ ಬಂದ ಔಷಧ ಶೇಕಡ 60ರಿಂದ 8ಕ್ಕೆ ಇಳಿಯಿತು. ಫೈಬರ್ ಸರಿ ಇಲ್ಲ ಅಂದುಕೊಂಡು ಹೊಸ ಸುರುಳಿ ತೆರೆದೆ. ದ್ರಾವಕ ಬದಲಿಸಿದೆ. ಅಲುಗಾಟ ಹೆಚ್ಚಿಸಿದೆ. ಕ್ರೊಮ್ಯಾಟೊಗ್ರಾಫಿನ ಕಾಲಮ್ ತೊಳೆದೆ. ಐದು ದಿನ ಹೀಗೇ ಹೋಯಿತು.

ಐದನೇ ದಿನ ಸಂಜೆ ಇನ್‌ಸರ್ಟಿನ ತಳದಲ್ಲಿ ಮೂರು ಮೈಕ್ರೋಲೀಟರಿನಷ್ಟು ಒಳನೀರು ಉಳಿದಿತ್ತು. ಸುಮ್ನೆ ಅದನ್ನು ಪಿಎಚ್ ಕಾಗದಕ್ಕೆ ತಾಗಿಸಿದೆ. ಕೆಂಪಾಗಬೇಕಿತ್ತು. ಸಾಸಿವೆ ಗಾತ್ರದ ಒಂದು ಚುಕ್ಕೆ ಮೂಡಿತು, ನೀಲಿ ಬೆರೆತ ಹಸಿರು. ನಾನು ಅದನ್ನೇ ನೋಡುತ್ತಾ ಕೂತೆ. ಒಳಗಿನ ಆಮ್ಲ ಎಲ್ಲಿ ಹೋಯಿತು?

ಲೆಕ್ಕ ಹಾಕಿದಾಗ ನಾಚಿಕೆಯಾಗುವಷ್ಟು ಸರಳವಾಗಿತ್ತು. 20 ಮೈಕ್ರೋಲೀಟರಿನ 10 ಮಿಲಿಮೋಲಾರ್ ಆಮ್ಲದಲ್ಲಿ ಇರುವುದು 0.2 ಮೈಕ್ರೋಮೋಲ್ ಆಮ್ಲ. ಹೊರಗೆ ನಾನು ಹಾಕಿದ್ದ 0.1 ಮೋಲಾರ್ ಬಫರ್ 10 ಮಿಲಿಲೀಟರ್, ಅಂದರೆ ಅಮೋನಿಯ ಹತ್ತಿರ ಹತ್ತಿರ 1000 ಮೈಕ್ರೋಮೋಲ್. ಅಮೋನಿಯ ಕೂಡ ಒಂದು ಕ್ಷಾರ, ಆ ಪಿಎಚ್‌ನಲ್ಲಿ ಅದಕ್ಕೂ ಚಾರ್ಜ್ ಇಲ್ಲ, ಗಾತ್ರವೋ ತೀರಾ ಚಿಕ್ಕದು. ಔಷಧಕ್ಕೆ ತೆರೆದಿಟ್ಟ ಬಾಗಿಲಿನಲ್ಲೇ ಅದೂ ಒಳಗೆ ಬಂತು. ಐದು ಸಾವಿರಕ್ಕೆ ಒಂದು ಕಣ ದಾಟಿದರೂ ಒಳಗಿನ ಆಮ್ಲವೆಲ್ಲ ಮುಗಿಯುತ್ತದೆ. ಪಿಎಚ್ 9ರ ಹತ್ತಿರ ಬಂದಾಗ ಆ ಎರಡೂವರೆ ಕೋಟಿಯ ಜಾಗದಲ್ಲಿ ಉಳಿಯುವುದು ಬರೀ ಎರಡೂವರೆ. ಔಷಧವನ್ನು ಹಿಡಿದಿಡುವ ಶಕ್ತಿಯೇ ಹೋಯಿತು. ಸೋಡಿಯಂ ಹೈಡ್ರಾಕ್ಸೈಡಿನಲ್ಲಿ ಈ ತೊಂದರೆ ಇರಲಿಲ್ಲ, ಅದರ ಎರಡೂ ಅಯಾನುಗಳು ಚಾರ್ಜ್ ಹೊತ್ತವು, ಗೋಡೆ ದಾಟುವುದಿಲ್ಲ.

ಇದರಿಂದ ನನ್ನ ಇಡೀ ಕ್ರಮ ಬದಲಾಯಿತು. ಈಗ ಮಾಡುವುದು ಹೀಗೆ. ಸ್ಯಾಂಪಲ್ಲಿಗೆ ಮೊದಲು ಇಡಿಟಿಎ ಸೇರಿಸುತ್ತೇನೆ, ಕೊನೆಯ ಸಾಂದ್ರತೆ 5ರಿಂದ 10 ಮಿಲಿಮೋಲಾರ್ ಬರುವಷ್ಟು. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಹೈಡ್ರಾಕ್ಸೈಡಿನಿಂದ ಪಿಎಚ್ 12.4ಕ್ಕೆ ತರುತ್ತೇನೆ. 13ಕ್ಕೆ ಹೋಗುವುದಿಲ್ಲ, ಅಲ್ಲಿ ಮೆಗ್ನೀಸಿಯಂ ಇಡಿಟಿಎಯ ಕೈಯಿಂದಲೂ ಜಾರಲು ನೋಡುತ್ತದೆ. ಒಳಗಿನ ಆಮ್ಲವನ್ನು 100 ಮಿಲಿಮೋಲಾರ್‌ಗೆ ಏರಿಸಿದೆ, ಯಾಕೆಂದರೆ ಕೊಳಚೆ ನೀರಿನಲ್ಲಿ ಅದರದ್ದೇ ಅಮೋನಿಯ ಇರುತ್ತದೆ. ಲೀಟರಿಗೆ 20 ಮಿಲಿಗ್ರಾಂ ಅಮೋನಿಯ ಸಾರಜನಕ ಇದ್ದರೂ 10 ಮಿಲಿಲೀಟರಿನಲ್ಲಿ 14 ಮೈಕ್ರೋಮೋಲ್ ಆಯಿತು. ಒಳಗಿರುವುದು 2 ಮೈಕ್ರೋಮೋಲ್ ಆಮ್ಲ. ಆದ್ದರಿಂದ ಪ್ರತಿ ಬ್ಯಾಚಿನಲ್ಲೂ ಕೊನೆಗೆ ಒಂದು ಚುಕ್ಕೆ ಕಾಗದಕ್ಕೆ ತಾಗಿಸಿ ನೋಡುತ್ತೇನೆ. ಕೆಂಪು ಬಂದರೆ ಮುಂದಕ್ಕೆ. ಹಳದಿಯ ಕಡೆ ವಾಲಿದರೆ ಸ್ಯಾಂಪಲನ್ನು ದುರ್ಬಲಗೊಳಿಸಿ ಮತ್ತೆ ಮಾಡುತ್ತೇನೆ.

ಮಾಸ್ ಸ್ಪೆಕ್ಟ್ರೋಮೀಟರ್ ಇರುವವರು ಹೈಡ್ರೋಕ್ಲೋರಿಕ್ ಬದಲು ಫಾರ್ಮಿಕ್ ಆಮ್ಲ ಹಾಕಲು ಇಷ್ಟಪಡುತ್ತಾರೆ. ಹಾಕಬಹುದು. ಆದರೆ ಅದು ದುರ್ಬಲ ಆಮ್ಲ, ಅದರ ಬಹುಪಾಲು ಕಣಗಳು ಚಾರ್ಜ್ ಇಲ್ಲದೆ ಇರುತ್ತವೆ, ಒಳಗಿನಿಂದ ಹೊರಕ್ಕೆ ಜಿನುಗುವ ದಾರಿ ಅವಕ್ಕೂ ಇದೆ. ಕಾಗದದ ಪರೀಕ್ಷೆ ಅಲ್ಲಿ ಇನ್ನೂ ಹೆಚ್ಚು ಮುಖ್ಯ.

ಸಮಯ, ಲೆಕ್ಕ, ಖಾಲಿ ಸ್ಯಾಂಪಲ್

ಎಷ್ಟು ಹೊತ್ತು ಬಿಡಬೇಕು ಅನ್ನುವುದನ್ನು ಯಾರ ಮಾತು ಕೇಳಿಯೂ ತೀರ್ಮಾನಿಸಬೇಡಿ. ಒಂದೇ ಸ್ಯಾಂಪಲ್ಲಿನಿಂದ 5, 10, 20, 30, 45, 60 ನಿಮಿಷಗಳ ಟ್ಯೂಬ್ ಮಾಡಿ, ಗ್ರಾಫ್ ಎಳೆಯಿರಿ. ಗೆರೆ ಮೊದಲು ಚುರುಕಾಗಿ ಏರಿ, ಆಮೇಲೆ ಬಾಗುತ್ತದೆ. ಬಾಗಿದ ನಂತರದ ಸಮಯ ಆರಿಸಿದರೆ ಒಂದೆರಡು ನಿಮಿಷ ಹೆಚ್ಚುಕಮ್ಮಿಯಾದರೂ ಫಲಿತಾಂಶ ಅಲುಗುವುದಿಲ್ಲ. ನನಗೆ 45 ನಿಮಿಷ ಹೊಂದಿತು. ಒಂದೇ ಸಲಕ್ಕೆ ಹನ್ನೆರಡು ಟ್ಯೂಬ್ ಇಡುವುದರಿಂದ ಕಾಯುವುದು ಭಾರವಾಗದು. ತೀರಾ ಹೊತ್ತು ಬಿಟ್ಟರೆ ದ್ರಾವಕ ಮೆಲ್ಲಗೆ ನೀರಿಗೆ ಹೋಗಿ ಗೋಡೆ ಸೋರಲು ಶುರುವಾಗುತ್ತದೆ. ಒಂದು ಗಂಟೆಯ ನಂತರ ಗೆರೆ ಕೆಳಗಿಳಿದರೆ ಕಾರಣ ಸಾಮಾನ್ಯವಾಗಿ ಇದೇ.

ಈ ವಿಧಾನ ಔಷಧವನ್ನು ಪೂರ್ತಿ ಹೊರತೆಗೆಯುವುದಿಲ್ಲ. ಅದರಲ್ಲಿ ತಪ್ಪೇನೂ ಇಲ್ಲ, ಪ್ರತಿ ಸಲ ಅಷ್ಟೇ ಪಾಲು ಬಂದರೆ ಸಾಕು. ಅದಕ್ಕಾಗಿ ಸ್ಟ್ಯಾಂಡರ್ಡ್‌ಗಳೂ (ಗೊತ್ತಿರುವಷ್ಟು ಔಷಧ ಬೆರೆಸಿದ ಹೋಲಿಕೆಯ ಮಾದರಿಗಳು) ಅಂಥದೇ ನೀರಿನಲ್ಲಿ, ಅಂಥದೇ ಫೈಬರಿನಲ್ಲಿ, ಅಷ್ಟೇ ಹೊತ್ತು ಹಾದುಬರಬೇಕು. ಶುದ್ಧ ಆಮ್ಲದಲ್ಲಿ ನೇರವಾಗಿ ಕಲಸಿದ ಸ್ಟ್ಯಾಂಡರ್ಡ್ ಎಷ್ಟು ಒಳಗೆ ಬಂತು ಅಂತ ತಿಳಿಯಲು ಮಾತ್ರ. ಇಂಟರ್ನಲ್ ಸ್ಟ್ಯಾಂಡರ್ಡ್ ಆಗಿ, ಅಂದರೆ ಸ್ಯಾಂಪಲ್ಲಿನೊಳಗೇ ಹೋಲಿಕೆಗೆ ಇರುವ ವಸ್ತುವಾಗಿ, ಡ್ಯೂಟೀರಿಯಂ (ಭಾರದ ಹೈಡ್ರೋಜನ್) ಇರುವ ಅಮಿಟ್ರಿಪ್ಟಿಲಿನನ್ನು ಸ್ಯಾಂಪಲ್ಲಿಗೆ ಮೊದಲೇ ಸೇರಿಸಿ, ಕ್ಷಾರ ಹಾಕುವ ಮುನ್ನವೇ. ಈ ಔಷಧ ಗಾಜಿಗೆ ಅಂಟುವ ಸ್ವಭಾವದ್ದು, ಎರಡೂ ಒಂದೇ ಥರ ಅಂಟಿದರೆ ಲೆಕ್ಕ ತಪ್ಪುವುದಿಲ್ಲ.

ಇಂಟರ್ನಲ್ ಸ್ಟ್ಯಾಂಡರ್ಡ್ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ಅಮೋನಿಯದ ಆ ಐದು ದಿನಗಳಲ್ಲಿ ಔಷಧ ಮತ್ತು ಇಂಟರ್ನಲ್ ಸ್ಟ್ಯಾಂಡರ್ಡ್ ಎರಡರ ಅನುಪಾತ ಸರಿಯಾಗಿಯೇ ಬರುತ್ತಿತ್ತು. ಎರಡೂ ಒಟ್ಟಿಗೆ ಕುಸಿದಿದ್ದವು. ಅನುಪಾತ ಮಾತ್ರ ನೋಡುವ ಅಭ್ಯಾಸವಿದ್ದಿದ್ದರೆ ನನಗೆ ಸಂಶಯವೇ ಬರುತ್ತಿರಲಿಲ್ಲ. ಕೆಳಮಟ್ಟದ ಸ್ಯಾಂಪಲ್‌ಗಳಲ್ಲಿ ಔಷಧ ಇಲ್ಲ ಅಂತ ವರದಿ ಬರೆದುಬಿಡುತ್ತಿದ್ದೆ. ಹಾಗಾಗಿ ಗ್ರಾಫಿನಲ್ಲಿ ಇಂಟರ್ನಲ್ ಸ್ಟ್ಯಾಂಡರ್ಡಿನ ಶಿಖರದ ಬರೀ ಏರಿಯಾವನ್ನೂ ಪ್ರತಿ ಓಟದಲ್ಲಿ ಬರೆದಿಡಿ. ಅದು ಹಿಂದಿನ ಬ್ಯಾಚಿನ ಅರ್ಧಕ್ಕಿಂತ ಕೆಳಗೆ ಬಂದರೆ ನಿಂತು ಹುಡುಕಿ. ಪ್ರತಿ ಬ್ಯಾಚಿನಲ್ಲಿ ಔಷಧ ಇಲ್ಲದ ನೀರಿನ ಒಂದು ಟ್ಯೂಬ್ ಇರಲಿ, ಹೊಸ ಫೈಬರಿನೊಂದಿಗೆ.

ಅವಸರದಲ್ಲಿರುವವರಿಗೆ ವಿದ್ಯುತ್ ಬಳಸುವ ಬಗೆಯೂ ಇದೆ. ಅದೇ ಓಸ್ಲೋದ ಇಬ್ಬರು 2006ರಲ್ಲಿ ತೋರಿಸಿದ್ದು. ಒಳಗೊಂದು, ಹೊರಗೊಂದು ಪ್ಲಾಟಿನಂ ತಂತಿ ಇಟ್ಟು 300 ವೋಲ್ಟ್ ಕೊಟ್ಟರು, ಐದು ನಿಮಿಷದಲ್ಲಿ ಕೆಲಸವಾಯಿತು. ಅಲ್ಲಿ ಲೆಕ್ಕ ಬೇರೆ: ಔಷಧ ಚಾರ್ಜ್ ಹೊತ್ತೇ ದಾಟಬೇಕು, ಆದ್ದರಿಂದ ಕ್ಷಾರ ಔಷಧಕ್ಕೆ ಹೊರಗೂ ಒಳಗೂ ಆಮ್ಲವೇ. ದ್ರಾವಕವೂ ಬೇರೆ, 2-ನೈಟ್ರೋಫೀನೈಲ್ ಆಕ್ಟೈಲ್ ಈಥರ್. ಕರೆಂಟ್ ಎಷ್ಟು ಹರಿಯುತ್ತಿದೆ ಅಂತ ಮೈಕ್ರೋಆಂಪಿಯರ್ ಮಟ್ಟದಲ್ಲಿ ಗಮನಿಸುತ್ತಿರಬೇಕು. ಜಾಸ್ತಿಯಾದರೆ ನೀರು ಒಡೆದು ಗುಳ್ಳೆ ಏಳುತ್ತದೆ, ಪಿಎಚ್ ಕೂಡ ಕೆಡುತ್ತದೆ. ಉಪ್ಪು ಜಾಸ್ತಿ ಇರುವ ಕೊಳಚೆ ನೀರಿಗೆ ನಾನು ಹಳೆಯ, ನಿಧಾನದ ದಾರಿಯನ್ನೇ ಹಿಡಿಯುತ್ತೇನೆ.

ಆಮ್ಲ ಔಷಧಗಳಿಗೆ

ನೋವಿನ ಮಾತ್ರೆಯಲ್ಲಿರುವ ಡೈಕ್ಲೋಫೆನಾಕ್ ಥರದ ಆಮ್ಲಗಳಿಗೆ ಎಲ್ಲವೂ ತಿರುಗುಮುರುಗು. ಅದರ ಪಿಕೆಎ 4ರ ಹತ್ತಿರ. ಹೊರನೀರಿಗೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಪಿಎಚ್ 1.5ರಿಂದ 2ಕ್ಕೆ ಇಳಿಸಿ, ಒಳಗೆ 10 ಮಿಲಿಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ತುಂಬಿ. ಕೈಕೆಲಸ ಒಂದೇ.

ಇಲ್ಲಿ ಅಮೋನಿಯದ ಜಾಗದಲ್ಲಿ ಬರುವುದು ಇಂಗಾಲದ ಡೈಆಕ್ಸೈಡ್. ನದಿ ನೀರಾಗಲಿ ಕೊಳಚೆ ನೀರಾಗಲಿ, ಬೈಕಾರ್ಬೊನೇಟ್ ಇಲ್ಲದ್ದು ಅಪರೂಪ. ಆಮ್ಲ ಬಿದ್ದ ಕೂಡಲೇ ಅದು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಅದಕ್ಕೂ ಚಾರ್ಜ್ ಇಲ್ಲ, ಗೋಡೆ ದಾಟುತ್ತದೆ, ಒಳಗಿನ ಕ್ಷಾರವನ್ನು ತಿಂದು ಪಿಎಚ್ 8ರ ಸುತ್ತ ತಂದು ನಿಲ್ಲಿಸುತ್ತದೆ. ಡೈಕ್ಲೋಫೆನಾಕ್‌ಗೆ ಅಷ್ಟಾದರೂ ಬದುಕುವಷ್ಟು ಅಂತರ ಉಳಿಯುತ್ತದೆ. ಪಿಕೆಎ 10 ಇರುವ ಫೀನಾಲ್ ಅಳೆಯುತ್ತಿದ್ದರೆ ಏನೂ ಉಳಿಯುವುದಿಲ್ಲ, ಪಿಎಚ್ 8ರಲ್ಲಿ ಅದರ ನೂರರಲ್ಲಿ ಒಂದು ಪಾಲಿಗೆ ಮಾತ್ರ ಚಾರ್ಜ್ ಇರುತ್ತದೆ.

ಡೈಆಕ್ಸೈಡನ್ನು ಓಡಿಸುವುದು ಅಮೋನಿಯಕ್ಕಿಂತ ಸುಲಭ. ಆಮ್ಲ ಹಾಕಿದ ಸ್ಯಾಂಪಲನ್ನು ಮುಚ್ಚಳ ತೆರೆದು ಹತ್ತು ನಿಮಿಷ ಅಲ್ಟ್ರಾಸೋನಿಕ್ ಸ್ನಾನದಲ್ಲಿ ಇಡಿ, ಅಥವಾ ನೈಟ್ರೋಜನ್ ಹಾಯಿಸಿ. ಗಾಜಿನ ಒಳಮೈಗೆ ಸಾಲಾಗಿ ಅಂಟಿದ ಸಣ್ಣ ಗುಳ್ಳೆಗಳು ಕಾಣುತ್ತವೆ. ಟ್ಯೂಬನ್ನು ಬೆರಳಿನಿಂದ ತಟ್ಟಿ ಅವನ್ನು ಏಳಿಸಿ. ತಟ್ಟಿದಾಗ ಹೊಸ ಗುಳ್ಳೆ ಏಳುವುದು ನಿಂತ ಮೇಲೆಯೇ ಫೈಬರ್ ಇಳಿಸಿ. ಕೊನೆಯಲ್ಲಿ ಕಾಗದಕ್ಕೆ ತಾಗಿಸಿದ ಚುಕ್ಕೆ ಕಡುನೀಲಿ ಇರಬೇಕು.